ವಿಜಯಸ್ತಂಭದ ನಲವತ್ನಾಲ್ಕು ಕುರಿಗಳು

ಊರೊಡೆಯ ಹೆಗೆಸಾಂದ್ರನ ಮನೆಯ ಆಳು ಬಂದಾಗ ಮಿಕ್ಕೋಸ್ ಅಂಗಳದಲ್ಲಿ ಕುರಿಯೊಂದನ್ನು ಕೆಡವಿಕೊಂಡು ಅದರ ಗೊರಸು ಕೆತ್ತುತ್ತಿದ್ದ. ಆಳು ಹೊಸ್ತಿಲ ಮೇಲೆ ಮಣ್ಣಿನ ಬಟ್ಟಲೊಂದನ್ನಿಟ್ಟ. ಬಟ್ಟಲಲ್ಲಿ ನೀರು, ನೀರಿನಲ್ಲಿ ಹೊಸ ಸ್ಪಂಜು.

"ನಾಳೆ ವಿಜಯಸ್ತಂಭದ ಹಬ್ಬದಲ್ಲಿ ನೀನು ಬರೆದಿರೋ ಊರಿನ ಚರಿತ್ರೆ ನೀನೇ ಓದ್ಬೇಕಂತೆ," ಎಂದ. "ಅದಕ್ಕೆ ಮುಂಚೆ ಏನಾದ್ರೂ ತೊಳೆಯೋದಿದ್ರೆ ತೊಳ್ಕೊಂಡ್‌ಬಿಡು ಅಂದ್ರು ಒಡೆಯರು."

ಜೊಂಡಿನ ಹಾಳೆಯ ಮೇಲಿನ ಮಸಿ ಒದ್ದೆ ಸ್ಪಂಜು ತಾಗಿದರೆ ಹೋಗುತ್ತದೆ. ತೆಮ್ನೆಸ್ಸ ಊರಿನಲ್ಲಿ ಹೆಗೆಸಾಂದ್ರನ ಮಾತೇ ಕಾನೂನು. ಮಾತು ಮೀರಿದವರು ಒಂದೋ ಊರು ಬಿಟ್ಟು ಹಡಗು ಹತ್ತಬೇಕಿತ್ತು, ಇಲ್ಲವೇ ಕಲ್ಲುಗಣಿಗೆ ಇಳಿಯಬೇಕಿತ್ತು.

ಮಿಕ್ಕೋಸನಿಗೆ ಆಗ ಐವತ್ತೆರಡು. ಹೊಟ್ಟೆಪಾಡಿಗೆ ಕುರಿ ಕಾಯುವುದು, ಅದು ಬಿಟ್ಟರೆ ಕಂಡಕಂಡವರನ್ನು ಕೇಳುವುದು, ಕೇಳಿದ್ದನ್ನು ಬರೆಯುವುದು. ಬಂದರಿನ ನಾವಿಕರು, ಗುಡಿಯ ಪೂಜಾರಿಗಳು, ಹಲ್ಲಿಲ್ಲದ ಮುದುಕಿಯರು, ಯಾರನ್ನೂ ಬಿಟ್ಟವನಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು, ಕೊನೆಗೆ ಮುಖದಲ್ಲಿ ನಗು ತೋರದೆ ತನ್ನದೊಂದು ಸಾಲು ಸೇರಿಸುತ್ತಿದ್ದ. ಬಿಸಿಲಿಗೆ ಬೆವರುವ ದೇವಿಯ ಮೂರ್ತಿಯ ಪವಾಡವನ್ನು ಎರಡು ಪುಟ ಭಕ್ತಿಯಿಂದ ಬರೆದು, 'ಪೂಜಾರಿಗಳು ಕುಡಿಯುವ ನೀರಿನ ತೊಟ್ಟಿ ಮೂರ್ತಿಯ ಬೆನ್ನಿಗೇ ಇದೆ, ಅದನ್ನೂ ನೋಡಿದೆ' ಎಂದು ಮುಗಿಸಿದ್ದ. ಪೂಜಾರಿಗಳೇ ನಕ್ಕು ಸುಮ್ಮನಾಗಿದ್ದರು.

ಆದರೆ ಕುರಿಗಳ ಅಧ್ಯಾಯ ಬೇರೆ. ಅರವತ್ತು ವರ್ಷದ ಹಿಂದೆ ಹೆಗೆಸಾಂದ್ರನ ಅಜ್ಜ ಪೊಲಿಯಾರ್ಕ ದಂಡು ಕಟ್ಟಿಕೊಂಡು ಪಕ್ಕದೂರು ಲಾರೋಪದವರ ಮೇಲೆ ಹೋಗಿದ್ದ. ಕಣಿ ಹೇಳುವವನು ಕುರಿ ಕಡಿದು ಅದರ ಈಲಿಯಲ್ಲಿ, ಅಂದರೆ ಪಿತ್ತಜನಕಾಂಗದಲ್ಲಿ, ಶಕುನ ನೋಡಬೇಕು; ಅದು ಚೆನ್ನಾಗಿದ್ದರೆ ಮಾತ್ರ ಗಡಿಯ ಹೊಳೆ ದಾಟಬೇಕು. ದಿನಕ್ಕೆ ನಾಲ್ಕು ಕುರಿ ಕಡಿದರು, ನಾಲ್ಕರಲ್ಲೂ ಅಪಶಕುನ. ಹನ್ನೊಂದು ದಿನ ಇದೇ ಆಯಿತು. ಆಚೆ ದಡದ ಲಾರೋಪದವರು ಕಾದು ಕಾದು, ಬಾರ್ಲಿ ಕೊಯ್ಲಿಗೆ ಬಂತೆಂದು ಮನೆಗೆ ಹೋದರು. ಪೊಲಿಯಾರ್ಕ ಖಾಲಿ ಬಯಲಿನಲ್ಲಿ ವಿಜಯಸ್ತಂಭ ನೆಟ್ಟ. ಮಿಕ್ಕೋಸ್ ಬರೆದಿದ್ದ: 'ಈ ಮಹಾಯುದ್ಧದಲ್ಲಿ ಮಡಿದವರು ನಲವತ್ನಾಲ್ಕು, ಎಲ್ಲರೂ ಕುರಿಗಳು. ಅವುಗಳ ಹೆಸರು ಸ್ತಂಭದ ಮೇಲಿಲ್ಲ.'

ಆ ಕುರಿಗಳು ಮಿಕ್ಕೋಸನ ತಾತನವು. ಇಡೀ ಮಂದೆಯನ್ನು ದಂಡಿಗೆ ಕೊಟ್ಟ ತಾತ ಕೊನೆಗಾಲದಲ್ಲಿ ಇನ್ನೊಬ್ಬರ ಕುರಿ ಕಾಯುತ್ತ ಸತ್ತ. ಅವನ ಹೆಸರೂ ಸ್ತಂಭದ ಮೇಲಿಲ್ಲ.

ಅಧ್ಯಾಯ ಸುರುಳಿಯೊಳಗೇ ಇದ್ದಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಮಿಕ್ಕೋಸ್ ಅದನ್ನು ಕ್ಷೌರದ ಅಂಗಡಿಯಲ್ಲಿ ಗಡ್ಡಕ್ಕೆ ಕತ್ತರಿ ಹಾಕಿಸಿಕೊಳ್ಳುತ್ತ ಹೇಳಿಬಿಟ್ಟಿದ್ದ. ಅಲ್ಲಿ ಬೆಳಿಗ್ಗೆ ಆಡಿದ್ದು ಸಂಜೆಯೊಳಗೆ ಊರೆಲ್ಲ ಡಂಗುರ.

ಹೆಂಡತಿ ಫಿಲಿನ್ನಾ ಬಟ್ಟಲನ್ನು ತಂದು ಅವನ ಮುಂದೆ ಕುಕ್ಕಿದಳು.

"ತೊಳೀರಿ."

"ಯೋಚ್ನೆ ಮಾಡ್ತೀನಿ ಕಣೇ."

"ಯೋಚ್ನೆ ಮಾಡಿದ್ದು ಸಾಕು. ನಮ್ಮಿಬ್ಬರು ಮಕ್ಕಳ ಸಮಾಧಿ ಈ ಊರಲ್ಲಿದೆ. ನಮ್ಮನ್ನ ಊರು ಬಿಡಿಸಿದ್ರೆ ಅದಕ್ಕೆ ಎಣ್ಣೆ ಹುಯ್ಯೋಕೆ ಇನ್ಯಾರು ಬರ್ತಾರ್ರೀ? ನಿಮ್ಮ ಕುರಿಗಳು ಬರ್ತವಾ?"

ಮಿಕ್ಕೋಸನಿಗೆ ಆ ಮಾತು ಎದೆಗೆ ನಾಟಿತು. ಸ್ಪಂಜನ್ನು ಹಿಂಡಿ ಕೈಯಲ್ಲಿ ಹಿಡಿದು ಸುರುಳಿ ಬಿಚ್ಚಿದ. ತಾತನ ಮಾತುಗಳು ಅಲ್ಲಿ ತನ್ನದೇ ಕೈಬರಹದಲ್ಲಿ ಸಾಲಾಗಿ ನಿಂತಿದ್ದವು. ಅವನ್ನು ಇನ್ನೊಮ್ಮೆ ಓದಿಕೊಂಡು, ಸ್ಪಂಜನ್ನು ಸೊಂಟದ ಚೀಲಕ್ಕೆ ಹಾಕಿಕೊಂಡು ಎದ್ದ. ತೊಳೆದಿರಾ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮರುದಿನ ಸ್ತಂಭದ ಸುತ್ತ ಊರಿಗೆ ಊರೇ ನೆರೆದಿತ್ತು. ಬಲಿಗೆ ತಂದ ನಾಲ್ಕು ಕುರಿಗಳು ಕೊರಳಿಗೆ ಹೂವು ಕಟ್ಟಿಸಿಕೊಂಡು ನಿಂತಿದ್ದವು. ಎತ್ತರದ ಪೀಠದಲ್ಲಿ ಹೆಗೆಸಾಂದ್ರ, ಪಕ್ಕದಲ್ಲಿ ಅವನ ಕುರುಡು ಚಿಕ್ಕಪ್ಪ ಲಿಕೋನ್. ಎಂಬತ್ತು ದಾಟಿದ ಮುದುಕ, ಪೊಲಿಯಾರ್ಕನ ಮಕ್ಕಳಲ್ಲಿ ಉಳಿದಿದ್ದವನು ಅವನೊಬ್ಬನೇ.

ಮಿಕ್ಕೋಸ್ ಓದುತ್ತ ಹೋದ. ಕಥೆ ಹೊಳೆಯ ದಡಕ್ಕೆ ಬಂತು. ಸುರುಳಿಯನ್ನು ಎರಡು ಸುತ್ತು ಬೇಗ ಸುತ್ತಿಬಿಟ್ಟರೆ ಅಧ್ಯಾಯ ದಾಟಿಹೋಗುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಹೆಂಗಸರ ನಡುವೆ ಫಿಲಿನ್ನಾ ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು. ಅಷ್ಟರಲ್ಲಿ ಹೂವು ಕಟ್ಟಿದ ಕುರಿಯೊಂದು ಕೂಗಿತು. ಮಿಕ್ಕೋಸ್ ಓದಿದ. ಒಂದಕ್ಷರವನ್ನೂ ಬಿಡಲಿಲ್ಲ.

'ಎಲ್ಲರೂ ಕುರಿಗಳು' ಎಂದಾಗ ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಹೆಗೆಸಾಂದ್ರನ ಮುಖದ ಮೇಲಿತ್ತು. ಕ್ಷೌರಿಕ ಮೆಲ್ಲಗೆ ಹಿಂದಿನ ಸಾಲಿಗೆ ಸರಿದುಕೊಂಡ.

"ಲೆಕ್ಕ ಹೇಳಿದೋರು ಯಾರು?" ಎಂದ ಹೆಗೆಸಾಂದ್ರ.

"ನಮ್ ತಾತ, ಒಡೆಯಾ. ಕುರಿ ಅವರವೇ."

"ಸತ್ತೋನು. ಬದುಕಿರೋ ಸಾಕ್ಷಿ ಇದೆಯಾ?"

ಮಿಕ್ಕೋಸ್ ಸುರುಳಿಯನ್ನು ಎದೆಗೊತ್ತಿಕೊಂಡ. ಕಾವಲಿನವನೊಬ್ಬ ಎರಡು ಹೆಜ್ಜೆ ಮುಂದೆ ಬಂದ.

"ಲೆಕ್ಕ ತಪ್ಪು!" ಎಂದು ಮುದುಕ ಲಿಕೋನ್ ಕೋಲು ಕುಟ್ಟಿದ. ಹೆಗೆಸಾಂದ್ರನ ಮುಖ ಅರಳಿತು.

"ಕೇಳ್ರಪ್ಪಾ, ನಮ್ ಚಿಕ್ಕಪ್ಪ ಅಲ್ಲೇ ಇದ್ದೋರು. ಹೇಳಿ ಚಿಕ್ಕಪ್ಪ."

"ನಲವತ್ತೈದು ಕಣೋ! ಒಂದನ್ನ ಕಣಿಯವನಿಗೆ ಗೊತ್ತಾಗದ ಹಾಗೆ ನಾವು ಹುಡುಗ್ರು ಕದ್ದು ಸುಟ್ಕೊಂಡ್ ತಿಂದ್ವಿ. ಅದರ ಈಲಿ ಎಷ್ಟ್ ಚೆನ್ನಾಗಿತ್ತು ಅಂತೀಯಾ! ಆವತ್ತೇ ಹೊಳೆ ದಾಟಿದ್ರೆ ಗೆದ್ದೇ ಬಿಡ್ತಿದ್ವೇನೋ!"

ಬಯಲೇ ಬಿರಿಯುವಂತೆ ಜನ ನಕ್ಕರು. ಕಾವಲಿನವನೂ ನಕ್ಕ. ಕೊನೆಗೆ ಹೆಗೆಸಾಂದ್ರನೂ ಹಲ್ಲು ತೋರಿಸಿದ, ಕಣ್ಣು ಮಾತ್ರ ಮಿಕ್ಕೋಸನನ್ನು ಬಿಡಲಿಲ್ಲ. ಚಿಕ್ಕಪ್ಪನ ಸಾಕ್ಷಿ ಇರುವಾಗ ಸುಳ್ಳುಗಾರನೆಂದು ಅವನನ್ನು ಗಣಿಗೆ ನೂಕುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಆಳು ಬಂದು, ಸೂರ್ಯ ಮುಳುಗುವುದರೊಳಗೆ ಹಡಗು ಹತ್ತಬೇಕೆಂದು ಹೇಳಿದ.

ಫಿಲಿನ್ನಾ ಮಕ್ಕಳ ಸಮಾಧಿಗೆ ಮನೆಯಲ್ಲಿದ್ದ ಎಣ್ಣೆಯನ್ನೆಲ್ಲ ಹುಯ್ದು ಬಂದಳು. ಹಡಗಿನಲ್ಲಿ ಗಂಡನಿಗೆ ಬೆನ್ನು ಹಾಕಿ, ಸಣ್ಣದಾಗುತ್ತಿದ್ದ ಊರನ್ನೇ ನೋಡುತ್ತ ಕೂತಳು. ಅವಳ ಮುಖ ನೋಡುವ ಧೈರ್ಯ ಮಿಕ್ಕೋಸನಿಗಿರಲಿಲ್ಲ. ಗೆದ್ದೆನೆಂದೂ ಅವನಿಗೆ ಅನ್ನಿಸಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವನು ಸುರುಳಿ ಬಿಚ್ಚಿ, ಚೀಲದಿಂದ ಹೆಗೆಸಾಂದ್ರನ ಸ್ಪಂಜು ತೆಗೆದು ನೀರಿನಲ್ಲಿ ಅದ್ದಿದ. ಫಿಲಿನ್ನಾ ತಿರುಗಿ ನೋಡಿದಳು.

"ಈಗ ತೊಳೀತೀರಾ? ಈಗ? ಎಲ್ಲಾ ಕಳ್ಕೊಂಡ್ ಮೇಲೆ?"

"ಒಂದೇ ಒಂದು ಸಂಖ್ಯೆ ಕಣೇ," ಎಂದ ಮಿಕ್ಕೋಸ್. "ನಲವತ್ನಾಲ್ಕಲ್ಲ, ನಲವತ್ತೈದು ಅಂದ್ರಲ್ಲ ಆ ಮುದುಕ್ರು."

ಅವಳು ಅವನನ್ನೇ ದಿಟ್ಟಿಸಿದಳು. ಆಮೇಲೆ ಹತ್ತಿರ ಸರಿದು, ಗಾಳಿಗೆ ಹಾರುತ್ತಿದ್ದ ಹಾಳೆಯ ಅಂಚನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಳು.