ಅಮ್ಮ ಕಾದ ಮದ್ದು

ನನ್ನ ಬಾಯಿಗೆ ಮೊದಲಿನಿಂದಲೂ ಬೀಗವಿಲ್ಲ. ಪ್ರಯೋಗಾಲಯದಲ್ಲಿ ನಾನು ಕಟ್ಟಿದ ಅಣು, ಬ್ಯಾಕ್ಟೀರಿಯಾದ ಪೊರೆಯಲ್ಲಿರುವ ಕೊಬ್ಬನ್ನು ಗುರುತು ಹಿಡಿದು ಅಂಟಿಕೊಂಡ ದಿನ, ಕೈಗವಸು ಕಳಚಿದ್ದೇ ತಡ, ಗಡಿಯಾಚೆ ಪುಲ್ಪಳ್ಳಿಯ ಮನೆಗೆ ಫೋನ್ ಮಾಡಿದೆ. "ಅಮ್ಮಾ, ಮದ್ದು ಸಿಕ್ತು! ಕೀವು ಮಾಡೋ ಹುಳಾನ ಮಾತ್ರ ಹಿಡೀತದೆ, ನಮ್ಮ ಮೈ ಮುಟ್ಟೋದಿಲ್ಲ."

ಆ ಮಾತಿನ ಕೊನೆಯ ಅರ್ಧವನ್ನು ನಾನಿನ್ನೂ ಪರೀಕ್ಷಿಸಿರಲಿಲ್ಲ. ನಮ್ಮ ಜೀವಕೋಶದ ಪೊರೆಯಲ್ಲೂ ಇರುವುದು ಕೊಬ್ಬೇ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ವಿದ್ಯುತ್ತಿನ ಕೊಬ್ಬು ಹೆಚ್ಚು. ನಮ್ಮಲ್ಲಿ ಅದು ಒಳಮಗ್ಗುಲಲ್ಲಿ ಅಡಗಿರುತ್ತದೆ. ನನ್ನ ಅಣು ಈ ವ್ಯತ್ಯಾಸವನ್ನು ತಿಳಿಯಬೇಕಿತ್ತು. ಮುಂದಿನ ವಾರ ಅದನ್ನು ರಕ್ತಕಣಗಳೊಂದಿಗೆ ಬೆರೆಸಿದೆ. ಕಣಗಳೂ ಒಡೆದು ನಳಿಕೆಯ ದ್ರವವೆಲ್ಲ ಕೆಂಪಾಯಿತು. ಅದನ್ನು ಹೇಳಲು ಮಾತ್ರ ನಾನು ಫೋನ್ ಮಾಡಲಿಲ್ಲ.

ತಿಂಗಳ ಮೇಲೆ ಊರಿಗೆ ಹೋದರೆ ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಾಳೆ. ಮೆಣಸು ಕೊಯ್ಯುವ ಬಿದಿರೇಣಿಯ ಸಿಬಿರು ಪಾದಕ್ಕೆ ಹೊಕ್ಕು ಹತ್ತು ದಿನವಾಗಿತ್ತಂತೆ. ಅರಿಶಿನದ ಪಟ್ಟಿ ಬಿಚ್ಚಿದೆ. ಕೊಳೆತ ವಾಸನೆ ಮೂಗಿಗೆ ಬಡಿಯಿತು. ಕಿರುಬೆರಳು ಕಪ್ಪಾಗಿತ್ತು.

"ಅಯ್ಯೋ ಪುಣ್ಯಾತ್ಗಿತ್ತಿ, ಆಸ್ಪತ್ರೆಗೆ ಯಾಕೆ ಹೋಗ್ಲಿಲ್ಲ?" ಎಂದು ಕಿರುಚಿದೆ.

"ಕೂಗ್ಬೇಡ ಮೋಳೇ, ನನ್ ಮಗಳೇ. ನೀ ಮದ್ದು ತರ್ತೀಯಲ್ಲ. ಒಂದು ಕೈ ನಂಬಿದ ಮೇಲೆ ಇನ್ನೊಂದು ಕೈಯ ಮದ್ದು ತಗೊಂಡ್ರೆ ಕೈಗುಣ ಹೋಗ್ತದೆ. ನಿನ್ನ ಮೊದಲನೇ ಮದ್ದು, ನಾನೇ ಕೆಡಿಸ್ಲಾ?"

ನಾಟಿ ಮದ್ದಿಗೆ ನಮ್ಮ ಮನೆಗಳಲ್ಲಿರುವ ಕಟ್ಟಳೆ ಅದು. ಅದನ್ನು ಅವಳು ನನಗಾಗಿ ಪಾಲಿಸಿದ್ದಳು. ಮಾನಂದವಾಡಿಯ ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ಅವಳ ಕಾಲನ್ನು ನನ್ನ ಮಡಿಲಲ್ಲಿಟ್ಟುಕೊಂಡು ಕೂತೆ.

"ನನ್ನ ಮದ್ದು ಇಲ್ಲಮ್ಮ. ಅದು ರಕ್ತಾನೂ ಒಡೀತದೆ. ನಾಚ್ಕೆಯಾಯ್ತು, ಹೇಳ್ಲಿಲ್ಲ."

ಅಮ್ಮ ನನ್ನತ್ತ ತಿರುಗಿದಳು. "ಹೇಳ್ಬಾರ್ದಿತ್ತಾ? ನಾನೇನು ಬೈತಿದ್ನಾ?"

"ಬೈತಿದ್ದೆ."

"ಹೌದು. ಬೈದು ಆಸ್ಪತ್ರೆಗೆ ಹೋಗ್ತಿದ್ದೆ."

ಕಾಲು ಉಳಿಯಿತು. ಕಿರುಬೆರಳನ್ನು ತೆಗೆದರು. ಹೊಸ ಪಟ್ಟಿ ಕಟ್ಟಿದ ಆ ಪುಟ್ಟ ಪಾದವನ್ನು ಹಿಡಿದು ನಾನು ಎಲ್ಲರೆದುರು ಅತ್ತೆ. "ಶ್ಶ್, ಮಗು, ಇನ್ನೂ ಒಂಬತ್ತು ಉಂಟಲ್ಲ" ಎಂದು ಅಮ್ಮ ನನ್ನ ತಲೆ ಸವರಿದಳು.

ಪಕ್ಕದ ಹಾಸಿಗೆಯಲ್ಲಿ ಕಾಫಿ ತೋಟದ ಕೂಲಿ ಹೆಂಗಸೊಬ್ಬಳು ಊದಿದ ಕೈಗೆ ನಾಟಿ ಮದ್ದಿನ ಬೇರು ಕಟ್ಟಿಕೊಂಡು, ಆಸ್ಪತ್ರೆಯವರು ಕೊಟ್ಟ ಮಾತ್ರೆಗಳನ್ನು ದಿಂಬಿನಡಿ ಸೇರಿಸುತ್ತಿದ್ದಳು. ಬೇರು ಕೊಟ್ಟದ್ದು ಅವಳ ಅಣ್ಣ ಅಂತೆ. ಮೂರನೆಯ ದಿನ ಅಮ್ಮ ಅದನ್ನು ನೋಡಿಬಿಟ್ಟಳು. ಕುಂಟುತ್ತ ಎದ್ದು ಹೋಗಿ, ದಿಂಬಿನಡಿಯ ಒಂದು ಮಾತ್ರೆಯನ್ನು ಅವಳ ಅಂಗೈಗಿಟ್ಟು, ಮಲಯಾಳದಲ್ಲಿ ಹೇಳಿದಳು:

"ಇದಕ್ಕೇ ಅಂತ ನನ್ನ ಮಗಳೂ ಒಂದು ಮದ್ದು ಮಾಡ್ತಾ ಇದ್ದಾಳೆ. ಒಳ್ಳೇ ಮದ್ದು, ಆಗೇ ಆಗ್ತದೆ. ನೀನು ಕಾಯಬೇಡ. ನುಂಗು."

ಅವಳು ನೀರು ಕುಡಿದು ಮುಗಿಸುವವರೆಗೂ ಅಮ್ಮ ಅಲ್ಲೇ ನಿಂತಿದ್ದಳು.