ಸಿಂಧೂರಿ ಅನ್ನದ ಎಡೆ

ಹುಮನಾಬಾದ್ ತಾಲೂಕಿನ ದುಬಲಗುಂಡಿಯ ಕೂಲಿ ಹೆಂಗಸು ಧೂಳಮ್ಮ ವರ್ಷಕ್ಕೊಮ್ಮೆ ಸತ್ತ ಅತ್ತೆಯಾಗುತ್ತಿದ್ದಳು. ಊರು ಹಾಗೆ ನಂಬಿತ್ತು.

ಅತ್ತೆ ಸತ್ತದ್ದು ತೊಂಬತ್ತಾರನೇ ಇಸವಿಯಲ್ಲಿ. ಹಿತ್ತಲಲ್ಲಿ ಮುದುಕಿ ನೆಟ್ಟ ಸಿಂಧೂರಿ ಗಿಡವಿತ್ತು. ಅದರ ಕೆಂಪು ಬೀಜವನ್ನು ತುಪ್ಪದಲ್ಲಿ ಕಾಯಿಸಿ ಸಿಹಿ ಅನ್ನಕ್ಕೆ ಬಣ್ಣ ಕಟ್ಟುತ್ತಿದ್ದಳು. ಬೀಜ ಬಿಡಿಸುವುದು ಸೊಸೆಯ ಪಾಲು, ಉಣ್ಣುವುದು ಮಗ ಬಸವಣಪ್ಪನ ಪಾಲು.

ಸತ್ತು ವರ್ಷ ತುಂಬಿದ ದಿನ ಬಸವಣಪ್ಪ ಅದೇ ಅನ್ನ ಬೇಯಿಸಿ ತಾಯಿಯ ಫೋಟೊದ ಮುಂದೆ ಎಡೆಯಿಟ್ಟ. ಆ ಮನೆಯಲ್ಲಿ ಎಡೆಯನ್ನು ಸೊಸೆಯೊಬ್ಬಳೇ ಉಣ್ಣಬೇಕು, ಅದೂ ಸತ್ತವಳ ಸೀರೆ ಉಟ್ಟು. ಧೂಳಮ್ಮ ಉಂಡಳು. ಅರ್ಧ ತಾಸಿನಲ್ಲಿ ತುಟಿ, ರೆಪ್ಪೆ, ಗಲ್ಲ ಊದಿ ಮುಖವೇ ಬೇರೆಯಾಯಿತು.

"ಇದು ಮುದುಕಿ ಮಾರಿನೇ ಅದ ನೋಡ್ರಿ," ಅಂದಳು ನೆರೆಯವಳು.

ಬಸವಣಪ್ಪ ಹೆಂಡತಿಯ ಕಾಲಿಗೆ ಬಿದ್ದ. "ಅವ್ವಾ, ಬಂದ್ಯಾ?"

ಧೂಳಮ್ಮ ಉಸಿರಿಗಾಗಿ ಗೊರಗುಟ್ಟಿದಳು. ಅದನ್ನೇ ಉತ್ತರವೆಂದುಕೊಂಡರು. ವರ್ಷ ವರ್ಷವೂ ನೋಡಲು ಬರುವ ಜನ ಹೆಚ್ಚಿದರು, ಅವಳ ಉಸಿರು ಕಡಿಮೆಯಾಯಿತು. ಎರಡು ಸಾವಿರದ ಮೂರರಲ್ಲಿ ತುಟಿ ನೀಲಿಗಟ್ಟಿತು.

ಜೊತೆಗೆ ಕಬ್ಬು ಕಡಿಯುತ್ತಿದ್ದ ಮುನ್ನಿ ಬೀ ಕೇಳಿದಳು: "ಬೀಜ ಬಿಡಿಸಿದಾಗ ಕೈ ತುರಸ್ತಾವೇನ?"

"ತುರಸ್ತಾವ."

ಮುನ್ನಿ ಬೀ ನೆನೆಸಿದ ಬೀಜವನ್ನು ಅವಳ ಮುಂಗೈಗೆ ತಿಕ್ಕಿದಳು. ನೋಡುನೋಡುತ್ತ ದದ್ದು ಎದ್ದವು. "ನಿಮ್ಮತ್ತಿ ಮುಂಗೈಯಾಗೂ ಬರ್ತಾಳೇನ? ಬೀಜ ನಿನಗ ಆಗಂಗಿಲ್ಲ. ಇನ್ನೊಮ್ಮಿ ಉಂಡರ ಸಾಯ್ತಿ."

ಹುಮನಾಬಾದಿನ ಡಾಕ್ಟರೂ ಅಲರ್ಜಿ ಅಂದ.

ಗಂಡ ಎಲ್ಲ ಕೇಳಿಸಿಕೊಂಡು ತಲೆ ತಗ್ಗಿಸಿದ. "ಇನ್ನೊಮ್ಮಿ ಅಷ್ಟ. ಅವ್ವಗ ಒಂದ್ ಮಾತ್ ಕೇಳೂದದ."

"ಬದುಕಿದ್ದಾಗ ಕೇಳಬೇಕಿತ್ತ," ಅಂದಳು ಧೂಳಮ್ಮ.

ಕೊನೆಗೆ ಬಿಳಿ ಅನ್ನವೇ ಇಡುತ್ತೇನೆಂದು ಒಪ್ಪಿಕೊಂಡ.

ಮರುವರ್ಷ ಬಿಳಿ ಅನ್ನದ ಎಡೆಯೇ ಬಂತು. ಜನ ಅವಳ ಮುಖವನ್ನೇ ನೋಡುತ್ತ ಕೂತಿದ್ದರು. ಧೂಳಮ್ಮ ಬೆರಳಿನಿಂದ ಅನ್ನ ಕೆದರಿದಳು. ಅಡಿಯಲ್ಲಿ ಕೆಂಪು ತುಪ್ಪ. ಗಂಡನ ಕಡೆ ನೋಡಿದಳು. ಅವನ ಬೆರಳ ತುದಿಗಳೂ ಕೆಂಪಗಿದ್ದವು.

ತಟ್ಟೆಯನ್ನು ಅವನ ಮುಂದೆ ತಳ್ಳಿದಳು. "ನಿಮ್ಮವ್ವ. ನೀವೇ ಕರಕೋರಿ."

ಬಸವಣಪ್ಪ ಒಂದಗುಳೂ ಬಿಡದೆ ಉಂಡ. ಗೋಡೆಯ ಕನ್ನಡಿ ಇಳಿಸಿ ತೊಡೆಯ ಮೇಲಿಟ್ಟುಕೊಂಡ. ಧೂಳಮ್ಮ ಒಳಗೆ ಹೋಗಿ ಅತ್ತೆಯ ಸೀರೆ ಬಿಚ್ಚಿ, ತನ್ನದನ್ನು ಉಟ್ಟು ಬಂದಾಗಲೂ ಹಾಗೇ ಕೂತಿದ್ದ. ಜನವೂ ಎದ್ದಿರಲಿಲ್ಲ. ಸಂಜೆಯಾದರೂ ಅವನ ಮುಖದಲ್ಲಿ ಯಾರೂ ಬರಲಿಲ್ಲ. ಅವನು ಗಲ್ಲ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದ. ಒತ್ತಿದಲ್ಲೆಲ್ಲ ಬೆರಳಿನ ಕೆಂಪು ಉಳಿಯುತ್ತಿತ್ತು.