ಮಾವನ ಸಮಾಧಿ ಪಕ್ಕದ ಗ್ಯಾಸ್ ಪೈಪು

ಇವತ್ತು ಸೋಮವಾರದ ಒಪ್ಪತ್ತು. ಕೊಟ್ಟಿಗೆ ಬಾಚಿ, ಪೂಜೆ ಮುಗಿಸಿ, ಗ್ಯಾಸ್ ಪೈಪ್ ಬಗ್ಗೆ ಸರ್ಕಾರದವರು ಕರೆದಿದ್ದ ಸಭೆಗೆ ಅತ್ತೆಯನ್ನೂ ಕರಕೊಂಡು ಹೋದೆ ಕಣ್ರಪ್ಪ. ಪೈಪು ನಮ್ಮ ಹೊಲದಲ್ಲೂ ಹೋಗಿದೆ, ಗುರುತಿಗೆ ಅಂತ ಹಳದಿ ಕಂಬ ನೆಟ್ಟಿದ್ದಾರೆ.

"ಹಳದಿ ಕಂಬದ ಹತ್ತಿರ ಗುಂಡಿ ತೋಡೋ ಮುಂಚೆ ನಮಗೆ ಫೋನ್ ಮಾಡಿ" ಅಂದ್ರು ಆಫೀಸರು.

ಅತ್ತೆ ಎದ್ದು ನಿಂತರು. "ಸಾ, ನಮ್ಮೋರನ್ನ ಮಣ್ಣು ಮಾಡೋದು ನಮ್ಮ ಒಲ್ದಲ್ಲೇ. ನಮ್ಮೆಜಮಾನ್ರು ಆ ಕಂಬದ ತಾವೇ ಅವ್ರೆ. ಅವ್ರ ಪಕ್ಕದ ಜಾಗ ನಂದು. ನಾನು ಸಾಯೋಕ್ ಮುಂಚೆ ನಿಮ್ಗೆ ಫೋನ್ ಮಾಡ್ಬೇಕಾ?"

ಎಲ್ಲರೂ ನಕ್ಕರು. ಆಫೀಸರು ನಗಲಿಲ್ಲ. "ಅಳತೆ ಮಾಡಿಸಿ ಹೇಳ್ತೀನಿ ಅಜ್ಜಿ" ಅಂದರು.

"ಉತ್ರ ಬರೋಗಂಟ ಸಾಯಕಿಲ್ಲ" ಅಂತ ಅತ್ತೆ ಈಗ ಜಗಲಿ ಮೇಲೆ ಕೂತವ್ರೆ. ಕೊಳ್ಳೇಗಾಲದ ಆಫೀಸಿಗೆ ಹೋಗೋರು ಯಾರಾದರೂ ಆ ಉತ್ತರ ತಂದುಕೊಡಿ. ಅವಸರವಿಲ್ಲ, ನಿಧಾನವಾಗೇ ತನ್ನಿ.